ಬಾಗಿದ ಬೆನ್ನಿನ ವಿಚಾರ

ಸಂಸ್ಕೃತದಲ್ಲಿ ಬಹು ಪ್ರಚಾರದಲ್ಲಿರುವ ಸುಭಾಷಿತವೊಂದುಂಟು. ನಡು ಬಾಗಿ, ನೆಲವನ್ನೇ ನೋಡುತ್ತ ಹೆಜ್ಜೆಯಿಡುತ್ತಿರುವ ವೃದ್ಧೆಯೊಬ್ಬಳನ್ನು ದಾರಿಹೋಕನು ಕಂಡು, ಕೆಳಗೆ ಏನನ್ನು ಹುಡುಕುತ್ತಿರುವೆಯೆಂದು ಕೇಳಲು, ತಾರುಣ್ಯವೆಂಬ ಮುತ್ತು ಕಳೆದುಹೋಯಿತೆಂದು ಆಕೆ ಉತ್ತರ ಕೊಡುತ್ತಾಳೆ. ಕಲ್ಪನೆಯ ಸೊಗಸನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬೆನ್ನು ಬಾಗುವುದಕ್ಕೆ ವಯಸ್ಸೇ ಸಾಕಾದ ಕಾರಣವೆಂಬ ನಂಬಿಕೆಯು ಆ ಸೊಗಸಿನೊಡನೆಯೇ ನಮ್ಮ ಮನಸ್ಸಿನೊಳಕ್ಕೆ ನುಸುಳಿ, ಪ್ರಶ್ನಿಸಬೇಕಾದ ಸಂಗತಿಯೊಂದನ್ನು ಒಪ್ಪಿ ಸುಮ್ಮನಾಗುವ ಸಂಗತಿಯನ್ನಾಗಿ ಮಾಡಿಬಿಟ್ಟಿದೆ. ರಾಮಾಯಣದ ಮಂಥರೆಯ ಗೂನನ್ನು ಆಕೆಯ ಮನಸ್ಸಿನ ವಕ್ರತೆಯ ಹೊರಗುರುತೆಂದು ಜನ ಓದಿಕೊಂಡರು. ಭಾಗವತದ ಕುಬ್ಜೆಯ ಮೂರು ಡೊಂಕುಗಳನ್ನು ಶ್ರೀಕೃಷ್ಣನು, ಆಕೆಯ ಪಾದಗಳನ್ನು ತನ್ನ ಪಾದದಿಂದ ಒತ್ತಿಹಿಡಿದು, ಗದ್ದವನ್ನು ಎರಡು ಬೆರಳುಗಳಿಂದ ಮೇಲೆತ್ತಿ, ಕ್ಷಣಮಾತ್ರದಲ್ಲಿ ನೆಟ್ಟಗೆ ಮಾಡಿದನೆಂಬುದನ್ನು ಭಕ್ತಿಯಿಂದ ಕೇಳಿದರು. ಕಾಲಧರ್ಮ, ಸ್ವಭಾವದೋಷ, ದೈವಕೃಪೆ, ಈ ಮೂರರಲ್ಲಿ ಯಾವುದನ್ನು ಹಿಡಿದರೂ ಆ ಬೆನ್ನಿನೊಳಗೆ ನಡೆದುದೇನು ಎಂಬ ವಿಚಾರಣೆಗೆ ಎಡೆ ದೊರೆಯುವುದಿಲ್ಲ. ಆ ವಿಚಾರಣೆಯನ್ನು ನಡೆಸುವುದು ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ನಾವು ಸಲ್ಲಿಸಬೇಕಾದ ಋಣವೆಂದು ನಾನು ಭಾವಿಸುತ್ತೇನೆ.

ಮಾನವನ ಕಶೇರುಸ್ತಂಭದಲ್ಲಿ ಒಂದರ ಮೇಲೊಂದು ಕುಳಿತು ಅಲುಗಬಲ್ಲ ಕಶೇರುಕಗಳು 24. ಕೊರಳಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಒಂದೊಂದರ ಮುಂಭಾಗವೂ ಗಿಡ್ಡನೆಯ ದಿಂಡಿನ ಆಕಾರದಲ್ಲಿದ್ದು, ಹೊರಗೆ ತೆಳುವಾದ ಗಟ್ಟಿಚಿಪ್ಪನ್ನೂ ಒಳಗೆ ಸೂಕ್ಷ್ಮವಾದ ಜಾಲರಿಯನ್ನೂ ಹೊಂದಿರುತ್ತದೆ. ಈ ಜಾಲರಿಯ ಎಳೆಗಳು ತೆಳುವಾಗುತ್ತ, ಅಡ್ಡ ಎಳೆಗಳು ಕಡಿದುಹೋಗುತ್ತ ಬಂದಾಗ, ಮೇಲಿನ ದೇಹದ ಭಾರವನ್ನು ತಾಳಲಾರದೆ ದಿಂಡಿನ ಮುಂಭಾಗವು ಕುಸಿದು, ಕಶೇರುಕವು ಮುಂದೆ ಗಿಡ್ಡ ಹಿಂದೆ ಎತ್ತರವಾದ ಬೆಣೆಯ ಆಕಾರವನ್ನು ತಾಳುತ್ತದೆ. ಇಂತಹ ಎರಡು ಮೂರು ಬೆಣೆಗಳು ಸೇರಿದರೆ ಬೆನ್ನು ತಾನಾಗಿಯೇ ಮುಂದಕ್ಕೆ ಬಾಗುತ್ತದೆ. ಇದು ಮೂಳೆಯ ಮುರಿತ. ಆದರೆ ಬಿದ್ದ ನೆನಪಿರುವುದಿಲ್ಲ, ಸದ್ದು ಕೇಳಿರುವುದಿಲ್ಲ. ಬೆನ್ನೆಲುಬಿನ ಇಂತಹ ಮುರಿತಗಳಲ್ಲಿ ವೈದ್ಯರ ಗಮನಕ್ಕೆ ಬರುವುದು ಸುಮಾರು ಮೂರರಲ್ಲೊಂದು ಪಾಲು ಮಾತ್ರ. ಉಳಿದವು ಸೊಂಟ ಹಿಡಿದುಕೊಂಡಿತು, ಬೆನ್ನು ಉಳುಕಿತು, ವಾಯುವಾಯಿತು ಎಂಬ ಮಾತುಗಳಲ್ಲಿ ಅಡಗಿಹೋಗುತ್ತವೆ. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದು, ಕೆಲವು ವಾರ ನರಳಿದ ಮೇಲೆ ನೋವು ಇಳಿಯುತ್ತದೆ, ಬೆಣೆ ಮಾತ್ರ ಬೆಣೆಯಾಗಿಯೇ ಉಳಿಯುತ್ತದೆ. ಬಾಗಿದ ಬೆನ್ನುಗಳೆಲ್ಲವೂ ಹೀಗೆಯೇ ಆದವೆಂದು ನಾನು ಹೇಳುತ್ತಿಲ್ಲ. ಡಿಸ್ಕುಗಳ ಸವೆತದಿಂದಲೂ ಬೆನ್ನಿನ ಸ್ನಾಯುಗಳು ಸೋಲುವುದರಿಂದಲೂ ಬಾಗುವವರಿದ್ದಾರೆ. ಪರ್ಸಿವಲ್ ಪಾಟ್ ಎಂಬ ಆಂಗ್ಲ ಶಸ್ತ್ರವೈದ್ಯನು 1779ರಲ್ಲಿ ವರ್ಣಿಸಿದ, ನಮ್ಮಲ್ಲಿ ಇಂದಿಗೂ ಕಾಣಸಿಗುವ ಬೆನ್ನುಮೂಳೆಯ ಕ್ಷಯವುಂಟು. ಪಾವಗಡ, ಮುಂಡರಗಿಗಳಂತಹ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ಫ್ಲೋರೈಡು ಬೆರೆತ ನೀರಿನಿಂದ ಬೆನ್ನು ಬಿಗಿದುಕೊಳ್ಳುವ ಪೀಡೆಯುಂಟು. ಆದರೆ ಐವತ್ತು ದಾಟಿದ ಹೆಂಗಸು ನೋಡುನೋಡುತ್ತ ಗಿಡ್ಡಾಗಿ, ಸೀರೆಯ ನೆರಿಗೆ ನೆಲಕ್ಕೆ ಎಳೆಯತೊಡಗಿದಾಗ ಮೊದಲು ಸಂಶಯಿಸಬೇಕಾದುದು ಮುರಿತವನ್ನೇ.

ಈ ಸಂಶಯ ನಮಗೆ ಸುಲಭವಾಗಿ ಹುಟ್ಟದಿರುವುದಕ್ಕೆ, ಮೂಳೆಯನ್ನು ನಿರ್ಜೀವ ವಸ್ತುವೆಂದು ಬಗೆಯುವ ಅಭ್ಯಾಸವೇ ಕಾರಣವಾಗಿರಬೇಕು. ನಾವು ಕಾಣುವ ಮೂಳೆ ಸತ್ತ ಪ್ರಾಣಿಯದು. ಅದು ಕಲ್ಲಿನಂತೆ ಒಣಗಿ ಬಿದ್ದಿರುತ್ತದೆ. ನಮ್ಮ ಪ್ರಾಚೀನ ವೈದ್ಯರು ಈ ಭ್ರಮೆಗೆ ಒಳಗಾಗಲಿಲ್ಲವೆಂಬುದು ಗಮನಾರ್ಹ. ಅವರು ಅಸ್ಥಿಯನ್ನು ಸಪ್ತಧಾತುಗಳಲ್ಲಿ ಐದನೆಯದಾಗಿ ಎಣಿಸಿ, ಅದಕ್ಕೆ ಹಿಂದಿನ ಧಾತುವಾದ ಮೇದಸ್ಸಿನಿಂದ ಅದು ನಿರಂತರ ಪೋಷಣೆಯನ್ನು ಪಡೆಯುತ್ತದೆಂದು ಹೇಳಿದರು. ಶಲ್ಯತಂತ್ರದ ದೃಷ್ಟಿಯಿಂದ 300 ಮೂಳೆಗಳನ್ನು ಎಣಿಸಿದ ಸುಶ್ರುತನು, ಮೂಳೆ ಮುರಿಯುವ ಬಗೆಗಳನ್ನು ಹನ್ನೆರಡಾಗಿಯೂ ಸಂಧಿ ತಪ್ಪುವ ಬಗೆಗಳನ್ನು ಆರಾಗಿಯೂ ವಿಂಗಡಿಸಿದನು. ಪೋಷಣೆಯ ಕ್ರಮವನ್ನು ಕುರಿತ ಅವರ ಊಹೆ ಇಂದು ನಿಲ್ಲಲಾರದು; ಆದರೆ ಮೂಳೆಯು ಪೋಷಣೆ ಬೇಡುವ ಜೀವಂತ ಧಾತುವೆಂಬ ತಿಳಿವಳಿಕೆ ಸರಿಯಾದುದೇ. ಒಂದು ಜಾತಿಯ ಕೋಶಗಳು ಹಳೆಯ ಮೂಳೆಯನ್ನು ಕರಗಿಸಿ ಗುಳಿ ತೋಡುತ್ತವೆ. ಇನ್ನೊಂದು ಜಾತಿಯವು ಆ ಗುಳಿಯನ್ನು ಹೊಸ ಮೂಳೆಯಿಂದ ತುಂಬುತ್ತವೆ. ಗಟ್ಟಿಯೊಳಗೆ ಹೂತುಕೊಂಡಿರುವ ಮೂರನೆಯ ಜಾತಿಯವು ಎಲ್ಲಿ ಬಲ ಬೇಕು, ಎಲ್ಲಿ ಬೇಡವೆಂಬ ಸುದ್ದಿಯನ್ನು ಕಳುಹಿಸುತ್ತಿರುತ್ತವೆ. ಹಂಚಿನ ಮನೆಯವರು ಮಳೆಗಾಲಕ್ಕೆ ಮುನ್ನ ಮಾಡು ಹತ್ತಿ, ಒಡೆದ ಹಂಚನ್ನು ತೆಗೆದು ಹೊಸದನ್ನಿಡುವಂತೆ, ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಭಾಗವು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ತೆಗೆದಷ್ಟನ್ನೂ ತುಂಬುತ್ತಿರುವವರೆಗೆ ಮೂಳೆ ಸುಭದ್ರ. ತೆಗೆಯುವುದು ಹೆಚ್ಚಿ ತುಂಬುವುದು ಹಿಂದುಳಿದರೆ ಅಸ್ಥಿರಂಧ್ರತೆ, ಎಂದರೆ ವೈದ್ಯರು ಹೇಳುವ ಆಸ್ಟಿಯೋಪೊರೋಸಿಸ್, ಪ್ರಾಪ್ತವಾಗುತ್ತದೆ.

ಈ ಸಮತೋಲವನ್ನು ಕಾಯುವವರಾರು ಎಂಬ ಪ್ರಶ್ನೆಗೆ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿದ್ದ ಫುಲ್ಲರ್ ಆಲ್‌ಬ್ರೈಟ್ ಎಂಬ ವೈದ್ಯನು 1941ರಲ್ಲಿ ಪ್ರಕಟಿಸಿದ ಉತ್ತರ ನನಗೆ ವೈದ್ಯಕೀಯ ವಿಚಾರಸರಣಿಯ ಅತ್ಯಂತ ಸುಂದರವಾದ ನಿದರ್ಶನಗಳಲ್ಲೊಂದಾಗಿ ತೋರುತ್ತದೆ. ಬೇರೆ ಕಾರಣ ಕಾಣದೆ ಮೂಳೆ ಟೊಳ್ಳಾದ, 65 ವರ್ಷಕ್ಕೆ ಒಳಪಟ್ಟ 42 ಮಂದಿ ರೋಗಿಗಳಲ್ಲಿ 40 ಮಂದಿ ಮುಟ್ಟು ನಿಂತ ಹೆಂಗಸರೆಂಬುದನ್ನು ಅವನು ಕಂಡನು. ಹೆಣ್ಣು ಪಾರಿವಾಳವು ಮೊಟ್ಟೆಯಿಡುವ ಮುನ್ನ ಚಿಪ್ಪಿಗೆ ಬೇಕಾದ ಸುಣ್ಣವನ್ನು ತನ್ನ ಮೂಳೆಗಳ ಒಳಗೆ ಕೂಡಿಟ್ಟುಕೊಳ್ಳುತ್ತದೆಂದೂ, ಹಾಗೆ ಕೂಡಿಡಿಸುವುದು ಅಂಡಾಶಯದ ರಸವೆಂದೂ ಆಗತಾನೆ ತಿಳಿದುಬಂದಿದ್ದಿತು. ಹಕ್ಕಿಯಲ್ಲಿ ಕಂಡುದನ್ನೂ ಹೆಂಗಸರಲ್ಲಿ ಕಂಡುದನ್ನೂ ಜೋಡಿಸಿ, ಈಸ್ಟ್ರೊಜೆನ್ ಎಂಬ ಹಾರ್ಮೋನಿನ ಅಭಾವವೇ ಈ ಬಗೆಯ ಅಸ್ಥಿರಂಧ್ರತೆಯ ಮೂಲವೆಂದು ಅವನು ನಿರ್ಣಯಿಸಿದನು. ವಿವರಗಳಲ್ಲಿ ತಿದ್ದುಪಡಿಯಾಗಿದೆ, ಕಟ್ಟುವ ಕೋಶಗಳು ಸೋತವೆಂದು ಅವನು ಬಗೆದಿದ್ದನು, ಕರಗಿಸುವ ಕೋಶಗಳಿಗೆ ಕಡಿವಾಣ ತಪ್ಪಿತೆಂಬುದು ಇಂದಿನ ಮತ. ಮೂಲ ನಿರ್ಣಯ ಮಾತ್ರ ನಿಂತಿದೆ. ಅಷ್ಟೇ ಅಲ್ಲ, ಈ ಹಾರ್ಮೋನು ಸ್ತ್ರೀಯರ ಮೂಳೆಗೆ ಮಾತ್ರ ಸಂಬಂಧಿಸಿದುದೆಂಬ ಎಣಿಕೆಯೂ 1994ರಲ್ಲಿ ಬಿದ್ದುಹೋಯಿತು. ಆ ವರ್ಷ ಅಮೆರಿಕದ ವೈದ್ಯರು ಇಪ್ಪತ್ತೆಂಟು ವರ್ಷದ ಒಬ್ಬ ಪುರುಷನನ್ನು ವರ್ಣಿಸಿದರು. ಹುಟ್ಟಿನಿಂದ ಬಂದ ದೋಷದ ದೆಸೆಯಿಂದ ಅವನ ಶರೀರವು ಈಸ್ಟ್ರೊಜೆನ್ನಿನ ಆಜ್ಞೆಯನ್ನು ಗ್ರಹಿಸಲಾರದಾಗಿತ್ತು. ಪುರುಷ ಹಾರ್ಮೋನು ಸಾಕಷ್ಟಿದ್ದರೂ ಅವನ ಮೂಳೆಗಳ ತುದಿಗಳು ಬೆಸೆದುಕೊಳ್ಳದೆ ಅವನು 204 ಸೆಂಟಿಮೀಟರ್ ಎತ್ತರಕ್ಕೆ ಬೆಳೆದು ಇನ್ನೂ ಬೆಳೆಯುತ್ತಲೇ ಇದ್ದನು, ಮೂಳೆಗಳು ಮಾತ್ರ ಟೊಳ್ಳಾಗಿದ್ದವು. ಗಂಡಸಿನ ಮೂಳೆಯನ್ನು ಕಾಯುವುದೂ ಬಹುಮಟ್ಟಿಗೆ ಅವನಲ್ಲಿರುವ ಅಲ್ಪಪ್ರಮಾಣದ ಸ್ತ್ರೀಹಾರ್ಮೋನೇ ಎಂಬುದು ಆಗ ಸ್ಪಷ್ಟವಾಯಿತು. ಭೇದವಿಷ್ಟೆ: ಗಂಡಸಿನಲ್ಲಿ ಅದು ಮೆಲ್ಲಮೆಲ್ಲನೆ ಇಳಿಯುತ್ತದೆ, ಹೆಂಗಸಿನಲ್ಲಿ ಕೆಲವೇ ವರ್ಷಗಳೊಳಗೆ ಬತ್ತುತ್ತದೆ.

ಇನ್ನೊಂದು ಹಾರ್ಮೋನಿನ ಕಥೆಯನ್ನು ಹೇಳಬೇಕು. ಏಕೆಂದರೆ ನನ್ನ ವಾದದ ತಿರುಳು ಅದರಲ್ಲಿದೆ. ಕೊರಳಿನಲ್ಲಿ, ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡು, ಕಾಳಿನಷ್ಟು ಚಿಕ್ಕವಾದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದಲ್ಲಿ ಸುಣ್ಣದಂಶ ಇಳಿದಾಗ ಮೂಳೆಯಿಂದ ಅದನ್ನು ಬಿಡಿಸಿ ತರುವುದು ಅವುಗಳ ಕಾರ್ಯ. 1920ರ ದಶಕದಲ್ಲಿ ಅಮೆರಿಕದ ವ್ಯಾಪಾರಿ ಹಡಗಿನ ಕಪ್ತಾನನೊಬ್ಬನು ಮೂಳೆಗಳು ಮೇಲಿಂದ ಮೇಲೆ ಮುರಿದು, ಬೆನ್ನು ಕುಸಿದು, ಸುಮಾರು ಏಳು ಅಂಗುಲ ಎತ್ತರವನ್ನು ಕಳೆದುಕೊಂಡು ಆಸ್ಪತ್ರೆಗೆ ಬಂದನು. ಆರು ಬಾರಿ ಶಸ್ತ್ರಚಿಕಿತ್ಸೆ ಮಾಡಿ ಹುಡುಕಿದರೂ ದೋಷಿಯಾದ ಗ್ರಂಥಿ ಸಿಕ್ಕಲಿಲ್ಲ. 1932ರಲ್ಲಿ ಏಳನೆಯ ಬಾರಿಗೆ, ಕೊರಳಿನಲ್ಲಿರದೆ ಎದೆಗೂಡಿನೊಳಗೆ ಅಡಗಿದ್ದ ಗೆಡ್ಡೆ ದೊರೆಯಿತು. ಆ ವೇಳೆಗೆ ಅವನ ಮೂತ್ರಪಿಂಡಗಳು ಕೆಟ್ಟಿದ್ದವು; ಕೆಲವು ವಾರಗಳಲ್ಲೇ ಅವನು ತೀರಿಕೊಂಡನು. ಅದೇ 1932ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯು ಇಲಿಗಳಿಗೆ ಆ ಗ್ರಂಥಿಯ ಸಾರವನ್ನೇ ಅಲ್ಪಪ್ರಮಾಣದಲ್ಲಿ ಕೊಟ್ಟು ನೋಡಲು, ಮೂಳೆ ಕರಗುವ ಬದಲು ಬೆಳೆದುದನ್ನು ಕಂಡನು. ಎಪ್ಪತ್ತು ವರ್ಷಗಳ ತರುವಾಯ, 2002ರಲ್ಲಿ, ಅದೇ ಹಾರ್ಮೋನಿನ ಒಂದು ತುಣುಕನ್ನು ದಿನಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧವು ಟೊಳ್ಳುಮೂಳೆಯವರಿಗಾಗಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಒಂದೇ ದ್ರವ್ಯವು ಎಡೆಬಿಡದೆ ಹರಿದರೆ ಮೂಳೆಯನ್ನು ತಿನ್ನುತ್ತದೆ. ದಿನಕ್ಕೊಮ್ಮೆ ಬಂದು ಹೋದರೆ ಮೂಳೆಯನ್ನು ಕಟ್ಟುತ್ತದೆ. ಆದಕಾರಣ ಎಷ್ಟು ಎಂಬುದಷ್ಟೇ ಅಲ್ಲದೆ, ಯಾವ ಲಯದಲ್ಲಿ ಎಂಬುದೂ ಮೂಳೆಗೆ ಮುಖ್ಯವೆಂದು ತಿಳಿಯಬೇಕು.

ಭಾರದ ವಿಷಯದಲ್ಲಿಯೂ ಇದೇ ನ್ಯಾಯ ನಡೆಯುವುದನ್ನು ಕಂಡಾಗ ನನಗೆ ಆಶ್ಚರ್ಯವೂ ಆನಂದವೂ ಒಟ್ಟಿಗೇ ಉಂಟಾದವು. ಮೂಳೆಯು ತಾನು ಹೊರುವ ಭಾರಕ್ಕೆ ತಕ್ಕಂತೆ ತನ್ನ ಒಳರಚನೆಯನ್ನು ಬದಲಿಸಿಕೊಳ್ಳುತ್ತದೆಂಬ ನಿಯಮವನ್ನು ಬರ್ಲಿನ್ನಿನ ಜೂಲಿಯಸ್ ವೋಲ್ಫ್ 1892ರಲ್ಲಿ ಗ್ರಂಥರೂಪವಾಗಿ ಪ್ರತಿಪಾದಿಸಿದನು. ಅದು ಸ್ಥೂಲವಾಗಿ ನಿಜ: ಟೆನಿಸ್ ಆಟಗಾರನ ಆಡುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪವಾಗಿರುತ್ತದೆ, ಭಾರವೇ ಇಲ್ಲದ ಅಂತರಿಕ್ಷದಲ್ಲಿ ಯಾತ್ರಿಕನ ತೊಡೆಸಂದಿನ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತದೆ. ಆದರೆ ಯಾವ ಬಗೆಯ ಭಾರವೆಂಬುದನ್ನು ತೋರಿಸಿಕೊಟ್ಟವರು ಲ್ಯಾನ್ಯನ್ ಮತ್ತು ರೂಬಿನ್ ಎಂಬುವರು. ಕೋಳಿ ಜಾತಿಯ ಹಕ್ಕಿಗಳ ರೆಕ್ಕೆಯ ಮೂಳೆಯನ್ನು ಕೆಲಸದಿಂದ ಬಿಡಿಸಿ, ಅದಕ್ಕೆ ಹೊರಗಿನಿಂದ ಬಲಪ್ರಯೋಗ ಮಾಡಿ ಅವರು ಪರೀಕ್ಷಿಸಿದ ವಿವರ 1984ರಲ್ಲಿ ಪ್ರಕಟವಾಯಿತು. ಒಂದೇ ಸಮನೆ ಒತ್ತಿಹಿಡಿದ ಭಾರ ಮೂಳೆಯ ಸವೆತವನ್ನು ತಡೆಯಲಿಲ್ಲ. ಏರಿಳಿಯುವ ಭಾರವಾದರೋ ದಿನಕ್ಕೆ ನಾಲ್ಕೇ ಸಲ ಬಿದ್ದರೂ ಸವೆತ ನಿಂತಿತು; ದಿನಕ್ಕೆ 36 ಸಲ ಬಿದ್ದಾಗ ಮೂಳೆ ಬೆಳೆಯತೊಡಗಿತು. ಅಂದಮೇಲೆ ನೆಟ್ಟಗೆ ಕುಳಿತಿರುವುದು, ಬಾಗಿ ಕುಳಿತಿರುವುದು ಎಂಬ ಎರಡು ನಿಶ್ಚಲ ಸ್ಥಿತಿಗಳ ನಡುವಣ ಭೇದಕ್ಕಿಂತ, ನಿಶ್ಚಲತೆ ಮತ್ತು ಚಲನೆ ಇವುಗಳ ನಡುವಣ ಭೇದವೇ ಮೂಳೆಗೆ ದೊಡ್ಡದಾಗಿರಬೇಕಷ್ಟೆ.

ಹೀಗಿದ್ದರೂ ಬೆನ್ನಿನ ಮಾತು ಬಂದೊಡನೆ ನಾವು ಹೇಳುವ ಮೊದಲ ಬುದ್ಧಿವಾದ, ನೆಟ್ಟಗೆ ಕುಳಿತುಕೊ ಎಂಬುದು. ಇದಕ್ಕೆ ದೀರ್ಘವಾದ ಪರಂಪರೆಯಿದೆ. ಪ್ಯಾರಿಸ್ಸಿನ ನಿಕೊಲಾ ಆಂದ್ರಿ 1741ರಲ್ಲಿ ಮಕ್ಕಳ ಅಂಗವಿಕಾರಗಳನ್ನು ಕುರಿತು ಬರೆದ ಗ್ರಂಥದಲ್ಲಿ, ಡೊಂಕಾಗಿ ಬೆಳೆದ ಎಳೆಯ ಮರವೊಂದನ್ನು ನೇರವಾದ ಕಂಬಕ್ಕೆ ಹಗ್ಗದಿಂದ ಬಿಗಿದ ಚಿತ್ರವನ್ನು ಅಚ್ಚುಹಾಕಿಸಿದನು. ಮೂಳೆವೈದ್ಯರ ಸಂಘಗಳು ಆ ಚಿತ್ರವನ್ನು ಇಂದಿಗೂ ಲಾಂಛನವಾಗಿ ಧರಿಸಿವೆ. ಸ್ವೀಡನ್ನಿನ ಆಲ್ಫ್ ನ್ಯಾಕೆಮ್ಸನ್ 1960ರ ದಶಕದಲ್ಲಿ ಸೊಂಟದ ಡಿಸ್ಕಿನೊಳಕ್ಕೆ ಸೂಜಿಯಿಳಿಸಿ ಒತ್ತಡವನ್ನು ಅಳೆದು, ನಿಂತಿರುವಾಗಿನದಕ್ಕಿಂತ ಕುಳಿತಿರುವಾಗ ಅದು ಹೆಚ್ಚೆಂದು ಹೇಳಿದ ಮೇಲಂತೂ ಕುರ್ಚಿಯೇ ಬೆನ್ನಿನ ಶತ್ರುವೆಂಬ ಅಭಿಪ್ರಾಯ ಬಲಿಯಿತು. ಆದರೆ 1999ರಲ್ಲಿ ಜರ್ಮನಿಯ ವಿಲ್ಕ ಮತ್ತು ಅವರ ಸಂಗಡಿಗರು ಹೊಸ ಸಲಕರಣೆಯಿಂದ ಅಳೆದಾಗ, ಸಡಿಲವಾಗಿ ಒರಗಿ ಕುಳಿತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚಿರಲಿಲ್ಲ. ಅವರು ಅಳೆದುದು ಒಬ್ಬನೇ ವ್ಯಕ್ತಿಯಲ್ಲಿ. ಆದಕಾರಣ ಅದನ್ನೇ ಕಡೆಯ ಮಾತೆಂದು ಹಿಡಿಯಲಾಗದು. ಆದರೂ ಭಂಗಿಯನ್ನು ಕುರಿತ ನಮ್ಮ ನಿಶ್ಚಯದ ಅಡಿಗಲ್ಲು ನಾವೆಣಿಸಿದಷ್ಟು ಗಟ್ಟಿಯಾಗಿಲ್ಲವೆಂಬುದಕ್ಕೆ ಅಷ್ಟು ಸಾಕು.

ಈ ಅತಿನಿಶ್ಚಯದಿಂದ ಆಗುವ ಕೇಡು ಅಲ್ಪವಲ್ಲ. ಹನ್ನೊಂದು ಹನ್ನೆರಡರ ಹುಡುಗಿಯೊಬ್ಬಳ ಬೆನ್ನು ಪಕ್ಕಕ್ಕೆ ಡೊಂಕಾಗಿ, ಒಂದು ಭುಜ ಇಳಿದು, ಒಂದು ಕಡೆಯ ಪಕ್ಕೆಲುಬು ಹಿಂದಕ್ಕೆ ಉಬ್ಬಿಕೊಂಡರೆ, ತಾಯಿತಂದೆಗಳು ಆಕೆಯನ್ನೇ ಗದರಿಸುತ್ತಾರೆ; ಒರಗಿಕೊಂಡು ಓದಿದ್ದರಿಂದ ಆಯಿತು, ಒಂದೇ ಹೆಗಲಿಗೆ ಚೀಲ ಹಾಕಿದ್ದರಿಂದ ಆಯಿತು ಎನ್ನುತ್ತಾರೆ. ಹರೆಯದ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಕಾಣಿಸಿಕೊಳ್ಳುವ ಈ ಸ್ಕೋಲಿಯೋಸಿಸ್‌ಗೆ ಭಂಗಿಯೂ ಕಾರಣವಲ್ಲ, ಚೀಲವೂ ಕಾರಣವಲ್ಲ. ಅದರಲ್ಲಿ ವಂಶದ ಪಾತ್ರವುಂಟು. ಎತ್ತರ ಬಿರುಸಾಗಿ ಏರುವ ವರ್ಷಗಳಲ್ಲಿಯೇ ಅದು ಉಲ್ಬಣಿಸುತ್ತದೆ. ತೀವ್ರವಾದ ಡೊಂಕು ಹುಡುಗಿಯರಲ್ಲೇ ಹೆಚ್ಚು. ಬೆಳವಣಿಗೆ ಮುಗಿಯುವುದಕ್ಕೆ ಮುಂಚೆ ವೈದ್ಯರ ಬಳಿಗೆ ಹೋದರೆ ಬೆಲ್ಟಿನಿಂದ ತಡೆಯಬಹುದಾದ ಡೊಂಕನ್ನು, ಮಗುವಿನ ಸೋಮಾರಿತನವೆಂದು ಬಗೆದು ಎರಡು ವರ್ಷ ಗದರಿಕೆಯಲ್ಲೇ ಕಳೆದರೆ ಆ ಕಾಲ ಮತ್ತೆ ಬಾರದು. ಏನೂ ತಪ್ಪು ಮಾಡದ ಮಗು ಅಪರಾಧಿಯಂತೆ ತಲೆ ತಗ್ಗಿಸಬೇಕಾಗಿ ಬರುವುದನ್ನು ನೆನೆದರೆ ಮನಸ್ಸು ಮರುಗುತ್ತದೆ.

ಹಾಗಾದರೆ ಭಂಗಿಗೆ ಏನೂ ಬೆಲೆಯಿಲ್ಲವೆ? ಇದೆ, ಆದರೆ ಅದು ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಅಲ್ಲ. 1984ರಲ್ಲಿಯೇ ಅಮೆರಿಕದ ಮೇಯೊ ಕ್ಲಿನಿಕ್ಕಿನ ಸಿನಾಕಿ ಮತ್ತು ಮಿಕೆಲ್‌ಸನ್ ಎಂಬುವರು ಬೆನ್ನೆಲುಬು ಟೊಳ್ಳಾದ, ಮುಟ್ಟು ನಿಂತ 59 ಮಂದಿ ಹೆಂಗಸರ ವಿಷಯವನ್ನು ವರದಿಮಾಡಿದರು. ಬೆನ್ನನ್ನು ಹಿಂದಕ್ಕೆ ಸೆಟೆಸುವ ವ್ಯಾಯಾಮವನ್ನು ಕಲಿತವರಲ್ಲಿ ಶೇಕಡಾ 16 ಮಂದಿಗೆ ಬೆನ್ನೆಲುಬಿನಲ್ಲಿ ಹೊಸ ಕುಸಿತ ಕಂಡಿತು. ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇಕಡಾ 89 ಮಂದಿಗೆ. ಯಾವ ವ್ಯಾಯಾಮವನ್ನೂ ಮಾಡದವರಲ್ಲಿ ಶೇಕಡಾ 67 ಮಂದಿಗೆ. ಸಂಖ್ಯೆ ಚಿಕ್ಕದೆಂಬುದನ್ನು ಒಪ್ಪಿಕೊಂಡರೂ, ಅಂತರ ಕಣ್ಣಿಗೆ ರಾಚುವಂತಹುದು. ಇಲ್ಲಿಗೆ ಹಾರ್ಮೋನು, ಭಂಗಿ, ಆಘಾತ ಎಂದು ನಾವು ಬೇರೆ ಬೇರೆಯಾಗಿ ಎಣಿಸುವ ಮೂರು ಕಾರಣಗಳು ಒಂದೇ ಸರಪಣಿಯ ಕೊಂಡಿಗಳೆಂದು ಕಾಣತೊಡಗುತ್ತದೆ. ಹಾರ್ಮೋನು ಕೈಬಿಟ್ಟಾಗ ಮೂಳೆ ತೆಳುವಾಗುತ್ತದೆ. ಮುಂದಕ್ಕೆ ಬಾಗುವ ಭಂಗಿಯು ಆ ತೆಳುಮೂಳೆಯ ಮುಂಭಾಗದ ಮೇಲೆಯೇ ಭಾರವನ್ನು ಕೇಂದ್ರೀಕರಿಸುತ್ತದೆ. ಕಟ್ಟಕಡೆಗೆ ಯಾವುದೋ ಕ್ಷುಲ್ಲಕವಾದ ಪೆಟ್ಟು ಬಂದು ಕೆಲಸವನ್ನು ಮುಗಿಸುತ್ತದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದಾಗ ರಸ್ತೆಯುಬ್ಬಿನಲ್ಲಿ ಒಮ್ಮೆ ಎತ್ತಿಹಾಕಿದ್ದು, ಹಂಡೆಯನ್ನು ಬಗ್ಗಿ ಎತ್ತಿದ್ದು, ಸೀನಿದ್ದು, ಇಷ್ಟೇ ಸಾಕು. ಮನೆಯವರು ಆ ಕಡೆಯ ಪೆಟ್ಟನ್ನೇ ಕಾರಣವೆಂದು ಹೇಳಿ, ಅದರ ಹಿಂದಿನ ಹತ್ತು ವರ್ಷಗಳನ್ನು ಮರೆಯುತ್ತಾರೆ. ಒಮ್ಮೆ ಕಶೇರುಕ ಕುಸಿದ ಹೆಂಗಸರಲ್ಲಿ ಐವರಿಗೊಬ್ಬಳಂತೆ ಒಂದು ವರ್ಷದೊಳಗೆ ಇನ್ನೊಂದು ಕಶೇರುಕ ಕುಸಿಯುತ್ತದೆಂಬುದು ತಿಳಿದಿರುವಾಗ, ಮೊದಲನೆಯದನ್ನು ಉಳುಕೆಂದು ಬಿಟ್ಟುಬಿಡುವುದರ ಬೆಲೆಯೇನೆಂಬುದನ್ನು ಊಹಿಸಬಹುದು. ಉಳುಕೆಂದು ಬಗೆದು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸುವುದೂ ಹಿತವಲ್ಲ. ಮಲಗಿದ ಮೂಳೆ ಇನ್ನಷ್ಟು ಕರಗುತ್ತದೆ.

ನಮ್ಮ ನಾಡಿನ ಹೆಂಗಸರ ದುಡಿಮೆಯನ್ನು ಈ ಸರಪಣಿಯ ಪಕ್ಕದಲ್ಲಿಟ್ಟು ನೋಡಬೇಕು. ಗದ್ದೆಯಲ್ಲಿ ನಾಟಿ, ಹೊಲದಲ್ಲಿ ಕಳೆ, ಅಂಗಳ ಗುಡಿಸಿ ಸಾರಿಸುವುದು, ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರುವುದು, ಎಲ್ಲವೂ ಮುಂದಕ್ಕೆ ಬಾಗಿ ಮಾಡುವ ಕೆಲಸಗಳು. ಮೂಳೆ ಬಲವಾಗಿರುವ ಹರೆಯದಲ್ಲಿ ಈ ಏರಿಳಿವಿನ ದುಡಿಮೆ ಮೂಳೆಗೆ ಪುಷ್ಟಿಯನ್ನೇ ಕೊಡುತ್ತದೆ. ಹಳ್ಳಿಯ ಹೆಂಗಸಿನ ಬೆನ್ನು ಹಾಳಾಗುವುದು ದುಡಿಮೆಯಿಂದಲೇ ಎಂಬ ಪಟ್ಟಣದವರ ಮರುಕದ ಮಾತನ್ನು ನಾನು ಒಪ್ಪಲಾರೆ. ಆದರೆ ಮುಟ್ಟು ನಿಂತ ಮೇಲೆ ಅದೇ ಬಾಗುವಿಕೆಯು ಬೇರೆಯೇ ಫಲವನ್ನು ಕೊಡುತ್ತದೆ, ಮತ್ತು ಆ ಹೊತ್ತಿಗೆ ಕೆಲಸವನ್ನು ಹಂಚಿಕೊಳ್ಳುವವರು ಮನೆಯಲ್ಲಿರಬೇಕು. ಇದಕ್ಕಿಂತ ಘೋರವಾದುದು, ಪ್ರಕೃತಿ ನಿಗದಿ ಮಾಡಿದ ಕಾಲಕ್ಕೆ ಮುಂಚೆಯೇ ಆ ಹಾರ್ಮೋನನ್ನು ಕಿತ್ತುಕೊಳ್ಳುವುದು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಮೂವತ್ತರ ಆಸುಪಾಸಿನ ಲಂಬಾಣಿ ಹೆಂಗಸರ ಗರ್ಭಕೋಶಗಳನ್ನು, ಹೊಟ್ಟೆನೋವು ಬಿಳಿಸೆರಗುಗಳಂತಹ ಕಾರಣಕ್ಕೂ, ಕ್ಯಾನ್ಸರಿನ ಭಯ ಹುಟ್ಟಿಸಿಯೂ ತೆಗೆದುಹಾಕಲಾಗಿದೆಯೆಂಬ ದೂರು 2015ರಲ್ಲಿ ಬೀದಿಗೆ ಬಂದು, ಸರ್ಕಾರವೇ ವಿಚಾರಣೆ ನಡೆಸಬೇಕಾಯಿತು. ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಮುಟ್ಟು ನಿಂತವಳ ಮೂಳೆಯ ಗತಿ ಮೂವತ್ತಕ್ಕೇ ಒದಗುತ್ತದೆ. ಅಂಡಾಶಯಗಳನ್ನು ಉಳಿಸಿದರೂ ಅವು ಸಹಜವಾದ ಕಾಲಕ್ಕಿಂತ ಮುಂಚೆ ಸೋಲುವ ಸಂಭವ ಹೆಚ್ಚು. ಇನ್ನು ಇಪ್ಪತ್ತು ವರ್ಷ ಹೊಲದಲ್ಲಿ, ಕಬ್ಬಿನ ಗದ್ದೆಯಲ್ಲಿ ಬಗ್ಗಿ ದುಡಿದೇ ಉಣ್ಣಬೇಕಾದ ಹೆಂಗಸಿಗೆ ಈ ಸಂಗತಿಯನ್ನು ತಿಳಿಸದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ದೊಡ್ಡ ಅನ್ಯಾಯ. ಕೀಲುನೋವಿಗೆಂದು, ಉಬ್ಬಸಕ್ಕೆಂದು ವೈದ್ಯರ ಮೇಲ್ವಿಚಾರಣೆಯಿಲ್ಲದೆ ವರ್ಷಗಟ್ಟಲೆ ನುಂಗುವ ಸ್ಟೀರಾಯ್ಡ್ ಮಾತ್ರೆಗಳೂ ಮೂಳೆಯನ್ನು ಇದೇ ದಾರಿಗೆ ತರುತ್ತವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಮುಪ್ಪು ಸಹಜವಾದುದು, ಅದರೊಡನೆ ಸೆಣಸುವುದು ವ್ಯರ್ಥವೆಂದು ಕೆಲವರು ಹೇಳಬಹುದು. ಮುಟ್ಟು ನಿಲ್ಲುವುದು ಸಹಜವೆಂಬುದರಲ್ಲಿ ಸಂದೇಹವಿಲ್ಲ; ಬೆನ್ನು ಮುರಿಯುವುದು ಮಾತ್ರ ಸಹಜವಲ್ಲ, ಏಕೆಂದರೆ ಅದೇ ವಯಸ್ಸಿನ ಅನೇಕರ ಬೆನ್ನು ಮುರಿಯದೆ ಉಳಿಯುತ್ತದೆ. ಹಾರ್ಮೋನನ್ನೇ ಮಾತ್ರೆಯಾಗಿ ಕೊಟ್ಟರಾಯಿತೆಂದು ಇನ್ನು ಕೆಲವರು ಹೇಳಬಹುದು. 2002ರಲ್ಲಿ ಅಮೆರಿಕದ ದೊಡ್ಡ ಪರೀಕ್ಷೆಯೊಂದರ ಫಲ ಹೊರಬಂದಾಗ ಆ ಮಾತ್ರೆ ತೊಡೆಸಂದಿನ ಮುರಿತವನ್ನು ಸುಮಾರು ಮೂರನೆಯ ಒಂದು ಪಾಲಿನಷ್ಟು ತಗ್ಗಿಸಿತೆಂಬುದೂ, ಸ್ತನದ ಕ್ಯಾನ್ಸರನ್ನೂ ಪಾರ್ಶ್ವವಾಯುವನ್ನೂ ಹೆಚ್ಚಿಸಿತೆಂಬುದೂ ಒಟ್ಟಿಗೆ ತಿಳಿದವು. ಆದಕಾರಣ ಅದು ಎಲ್ಲರಿಗೂ ಒಗ್ಗುವ ಮದ್ದಲ್ಲ; ಮೂಳೆ ಕರಗದಂತೆ ತಡೆಯುವ ಬೇರೆ ಔಷಧಗಳಿವೆ, ಯಾರಿಗೆ ಯಾವುದು ಎಂಬುದನ್ನು ವೈದ್ಯರು ನಿರ್ಧರಿಸತಕ್ಕದ್ದು. ಆದರೆ ನಿರ್ಧರಿಸುವುದಕ್ಕೆ ಮುನ್ನ ರೋಗವು ಕಣ್ಣಿಗೆ ಬೀಳಬೇಕಷ್ಟೆ, ಮತ್ತು ಇದಕ್ಕೆ ದೊಡ್ಡ ಯಂತ್ರಗಳ ದಾರಿ ಕಾಯಬೇಕಾಗಿಲ್ಲ. ಹರೆಯದಲ್ಲಿದ್ದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರಿನಷ್ಟು ಇಳಿದವರ ಬೆನ್ನಿನ ಎಕ್ಸ್‌ರೇ ತೆಗೆಸಬೇಕೆಂಬುದು ವೈದ್ಯರು ಸಾಮಾನ್ಯವಾಗಿ ಹಿಡಿಯುವ ಅಳತೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರ ಎತ್ತರವನ್ನು ಅಳೆಯುವ ರೂಢಿ ಹೇಗೂ ಇದೆ. ಆ ಅಳತೆಯನ್ನು ಹೆರಿಗೆಯಾದೊಡನೆ ಕಸಕ್ಕೆ ಹಾಕದೆ ಉಳಿಸಿಟ್ಟು, ನಲವತ್ತೈದು ದಾಟಿದ ಮೇಲೆ ವರ್ಷಕ್ಕೊಮ್ಮೆ ಅದೇ ಹೆಂಗಸನ್ನು ಅದೇ ಗೋಡೆಗೆ ನಿಲ್ಲಿಸಿ ಅಳೆದು ಹೋಲಿಸುವ ಏರ್ಪಾಡನ್ನು ಸರ್ಕಾರ ಮಾಡಬೇಕೆಂದು ನಾನು ಒತ್ತಾಯಿಸುತ್ತೇನೆ. ಹಳೆಯ ಅಳತೆಯೇ ಇಲ್ಲದವರಿಗೆ ಇನ್ನೊಂದು ಉಪಾಯವಿದೆ: ಹಿಮ್ಮಡಿಗಳನ್ನೂ ಬೆನ್ನನ್ನೂ ಗೋಡೆಗೆ ಒತ್ತಿ, ನೇರವಾಗಿ ಮುಂದಕ್ಕೆ ನೋಡುತ್ತ ನಿಂತಾಗ ತಲೆಯ ಹಿಂಭಾಗವು ಗೋಡೆಯನ್ನು ಮುಟ್ಟದೆ ನಡುವೆ ಎಡೆಯುಳಿದರೆ, ಎದೆಯ ಹಿಂಭಾಗದ ಕಶೇರುಕಗಳಲ್ಲಿ ಕುಸಿತವಿರಬಹುದೆಂದು ಸಂಶಯಿಸಿ ಎಕ್ಸ್‌ರೇಗೆ ಕಳುಹಿಸಬೇಕು.